ಕನ್ನಡಿಚೂರಿನ ಗುಡಿ ಮತ್ತು ನನ್ನ ಎಡಗೈ

ಎಡಗೈ ಮಣಿಕಟ್ಟಿನ ಮೇಲ್ಗಡೆ, ಅಂಗೈಯಗಲದ ಜಾಗದಲ್ಲಿ ಚರ್ಮ ಬಿಳಿಚಿಕೊಂಡದ್ದನ್ನು ನಾನು ಮೊದಲು ಕಂಡದ್ದು ೧೯೮೧ರ ಬೇಸಿಗೆಯಲ್ಲಿ, ಮಾನ್ವಿಯ ನಮ್ಮ ಮನೆಯ ಬಚ್ಚಲಲ್ಲಿ. ಹುಲಿಗೆಮ್ಮ ತಾಯಿಯ ಭಕ್ತರಾದ ನಿಮ್ಮೆದುರು ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೂ ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಓಣಿಯಲ್ಲಿ ನನ್ನನ್ನು ಗುಡಿ ಮಾಡುವವಳು ಎಂದೇ ಕರೆಯುತ್ತಿದ್ದರು. ಸಾಬೂನಿನ ಡಬ್ಬಿ, ಬೆಂಕಿಪೊಟ್ಟಣ, ಒಡೆದ ಬಳೆ, ಚಹಾಪುಡಿ ಪೊಟ್ಟಣದ ಬೆಳ್ಳಿ ಕಾಗದ, ಅಂಗಿಯ ಗುಂಡಿ, ಕನ್ನಡಿಚೂರು ಎಲ್ಲ ಸೇರಿಸಿ, ಹಳೆಯ ಕ್ಯಾಲೆಂಡರಿನಿಂದ ದೇವಿಯ ಚಿತ್ರ ಕತ್ತರಿಸಿ ಒಳಗಿಟ್ಟರೆ ಗೋಡೆಯ ಗೂಡಿನಲ್ಲಿ ಹಿಡಿಸುವ ಪುಟ್ಟ ಗುಡಿಯಾಗುತ್ತಿತ್ತು. ಕಾಗದಕ್ಕೆ ಗೋಂದು ಸಾಕು. ಕನ್ನಡಿಗೆ ಮಾತ್ರ ಕೆಂಡದ ಮೇಲೆ ಅರಗು ಕರಗಿಸಬೇಕು. ಹೊಸ ಮನೆ ಹೊಕ್ಕವರು, ಮಗಳನ್ನು ಗಂಡನ ಮನೆಗೆ ಕಳಿಸುವವರು ಬಂದು ಕೇಳುತ್ತಿದ್ದರು. ತಲೆಗೆ ನೀರು ಹಾಕಿಕೊಂಡೇ ಈ ಕೆಲಸಕ್ಕೆ ಕೂರುತ್ತಿದ್ದೆ. ದೇವಿಯನ್ನು ಕೂರಿಸುವ ಕೈಗೇ ಇದು ಬಂತಲ್ಲ ಎಂಬುದು ನನ್ನ ನಾಚಿಕೆ.

ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡೆ. ಕಲೆಗೆ ಅರಿಶಿನ ಬಳಿದೆ. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಯಜಮಾನರಿಗೂ ಹೇಳಲಿಲ್ಲ. ಕಿರುಬೆರಳು ಸ್ವಲ್ಪ ಬಾಗತೊಡಗಿದಾಗ ನಿದ್ದೆ ಹೋಯಿತು. ಊರ ಹೊರಗೆ, ಅಗಸೆ ಬಾಗಿಲಿನ ಆಚೆ ಭಿಕ್ಷೆಗೆ ಕೂರುವವರ ಬೆರಳಿಲ್ಲದ ಕೈಗಳನ್ನು ನಾನು ನೋಡಿದ್ದೆ. ಅವರ ಮುಂದೆ ಜನ ಹೇಗೆ ಸರಿದು ನಡೆಯುತ್ತಾರೆಂಬುದನ್ನೂ ನೋಡಿದ್ದೆ. ‘ತಾಯೀ, ಇದು ಯಾರ ಕಣ್ಣಿಗೂ ಬೀಳದ ಹಾಗೆ ಮಾಡು’ ಎಂದು ಬೇಡಿಕೊಂಡು, ಇದುವರೆಗೆ ಯಾರಿಗೂ ಮಾಡಿಕೊಡದಂಥ ಗುಡಿ ಮಾಡುತ್ತೇನೆಂದು ಹರಕೆ ಹೊತ್ತೆ. ಗುಣವಾಗಲಿ ಎಂದು ಬೇಡಲಿಲ್ಲ, ಕಾಣದಿರಲಿ ಎಂದೇ ಬೇಡಿದೆ.

ಶ್ರಾವಣದ ಒಂದು ಮಧ್ಯಾಹ್ನ ಆ ಗುಡಿಯ ಗೋಪುರಕ್ಕೆ ಕನ್ನಡಿ ಕೂರಿಸುತ್ತಿದ್ದೆ. ತಗಡಿನ ಡಬ್ಬಿಯಲ್ಲಿ ಕೆಂಡ, ಅದರ ಪಕ್ಕದಲ್ಲಿ ನನ್ನ ಎಡಗೈ. ಆ ಹೊತ್ತಿಗೆ ದಿನಾ ಕಟ್ಟೆಯ ಮೇಲೆ ಕೂರುತ್ತಿದ್ದ ನಮ್ಮ ಅತ್ತೆ, ಅಂದು ಮಳೆ ಹನಿಯಿತೆಂದು ಒಳಗೆ ಬಂದಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲೇ ನಿಂತರು.

“ಏನ ಸುಡಾಕತ್ತದ ಬೇ?”

“ಅರಗು ರೀ, ಅತ್ತಿ.”

“ಅರಗಿನ ವಾಸನಿ ನನಗ ಗೊತ್ತಿಲ್ಲೇನು? ಇದು ತೊಗಲು.”

ಕೆಳಗೆ ನೋಡಿದೆ. ಕಿರುಬೆರಳಿನ ಪಕ್ಕದ ಅಂಚು ಡಬ್ಬಿಯ ಬಾಯಿಗೆ ತಾಗಿ ಬೊಕ್ಕೆ ಎದ್ದು ಒಡೆದಿತ್ತು. ನೋವೇ ಇರಲಿಲ್ಲ. ಅತ್ತೆ ತಡವರಿಸುತ್ತ ಬಂದು ಕೈ ಹಿಡಿದು, ನಾನು ಎಳೆದುಕೊಂಡರೂ ಬಿಡದೆ ಕುಪ್ಪಸದ ತೋಳು ಮೇಲೇರಿಸಿ, ಬೆರಳಿನಿಂದ ಕಲೆಯನ್ನು ಸವರಿದರು. ಮನೆಯಿಂದ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತರು.

“ದೇವದುರ್ಗದಾಗ ನಮ್ಮ ಅಣ್ಣಗ ಹಿಂಗ ಆಗಿತ್ತು. ನಮ್ಮವ್ವ ಹಿತ್ತಲ ಕೋಣ್ಯಾಗ ಮುಚ್ಚಿಟ್ಟಳು. ನಾವೂ ಯಾರಿಗೂ ಹೇಳಲಿಲ್ಲ. ಅವನ ಬೆರಳೆಲ್ಲಾ ಹೋದವು. ಯಾಕ ಮುಚ್ಚಿಟ್ಟಿ, ಹುಚ್ಚಿ?”

ಮರುದಿನ ಮುಂಜಾನೆ ರಾಯಚೂರಿನ ಬಸ್ಸು ಹತ್ತಿದೆವು. ಗಾಯಕ್ಕೆ ಬಟ್ಟೆ ಸುತ್ತಿ, ಕೈಯನ್ನು ಸೆರಗಿನೊಳಗೆ ಹುದುಗಿಸಿ ಕೂತಿದ್ದೆ. ಪರಿಚಯದ ಕಂಡಕ್ಟರ್ ಬಂದ.

“ಏನ ಯವ್ವಾ, ಸೊಸಿ ಕರ್ಕೊಂಡು ಎಲ್ಲಿಗಿ ಹೊಂಟಿ?”

“ದವಾಖಾನಿಗಿ. ನನ್ನ ಕಣ್ಣು ತೋರ್ಸಾಕ.”

“ಕಣ್ಣ ಕಾಣಂಗಿಲ್ಲಂದ್ರ ಕಿಡಕಿ ಸೀಟ ಯಾಕ ಹಿಡದಿ?”

“ಗಾಳಿ ತಗೊಳ್ಳಾಕ ಕಣ್ಣ ಬೇಕೇನಲೇ? ನಡಿ ಮುಂದ!”

ಬಸ್ಸೆಲ್ಲ ನಕ್ಕಿತು. ನನಗಾಗಿ ಅವರು ಸುಳ್ಳು ಹೇಳಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೀರು ಹಾಕಿದೆ.

ದವಾಖಾನೆಯಲ್ಲಿ ಡಾಕ್ಟರು ನನ್ನ ಕೈಯನ್ನು ಮೇಜಿನ ಮೇಲಿಡಿಸಿ, “ಕಣ್ಣು ಮುಚ್ಚಿರಮ್ಮ. ಹತ್ತಿ ಎಲ್ಲಿ ತಾಗ್ತದೋ ಅಲ್ಲಿ ಬೆರಳಿಟ್ಟು ತೋರಿಸ್ರಿ” ಎಂದರು. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿಕೆಯಾಗಿ, ಅಂದಾಜಿನ ಮೇಲೆ ಒಂದು ಕಡೆ ಬೆರಳಿಟ್ಟೆ.

“ನಾನಿನ್ನೂ ಮುಟ್ಟೇ ಇಲ್ಲಮ್ಮ” ಎಂದರು ಅವರು, ಬಹಳ ಮೆಲ್ಲಗೆ.

ಕುಷ್ಠ ಎಂಬ ಮಾತನ್ನು ಅಲ್ಲಿ ಮೊದಲ ಸಲ ನನ್ನ ಬಗ್ಗೆ ಕೇಳಿದೆ. ಕಿವಿಯಲ್ಲಿ ಗುಂಯ್ ಎಂದಿತು. ಆದರೆ ಅವರು ಮುಂದೆ ಹೇಳಿದ್ದನ್ನು ಅತ್ತೆ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ನನಗೆ ಮತ್ತೆ ಮತ್ತೆ ಹೇಳಿದರು. ಬೇಗ ಬಂದಿದ್ದೇವೆ. ಗುಳಿಗೆ ಬಹಳ ಕಾಲ ತಪ್ಪದೆ ನುಂಗಬೇಕು. ಮನೆಯಲ್ಲೇ ಇರಬಹುದು, ಅಡುಗೆ ಮಾಡಬಹುದು, ತಾಟು ಬೇರೆ ಮಾಡಬೇಕಾಗಿಲ್ಲ. ಬೆರಳಿಗೆ ದಿನಾ ಎಣ್ಣೆ ಹಚ್ಚಿ ನೀವಿ ಚಾಚಬೇಕು. ಸತ್ತ ಸ್ಪರ್ಶ ಪೂರಾ ಮರಳಿ ಬರದಿರಬಹುದು, ಬಿಸಿಯನ್ನು ಕಣ್ಣಿನಿಂದ ನೋಡಿಕೊಂಡೇ ಮುಟ್ಟಬೇಕು. ಇನ್ನೊಂದು ವರ್ಷ ತಡೆದಿದ್ದರೆ ಬೆರಳುಗಳು ಉಳಿಯುತ್ತಿರಲಿಲ್ಲ.

ಆ ರಾತ್ರಿ ಯಜಮಾನರಿಗೆ ಅತ್ತೆಯೇ ಹೇಳಿದರು. ಅವರು ನನ್ನ ಕಡೆ ತಿರುಗಿ, “ನನಗ್ಯಾಕ ಹೇಳಲಿಲ್ಲ?” ಎಂದಷ್ಟೇ ಕೇಳಿದರು.

ಅರ್ಧಕ್ಕೆ ನಿಂತ ಗುಡಿ ಮೂಲೆಯಲ್ಲಿತ್ತು. “ಈ ಕೈಲೆ ಮುಟ್ಟಲೇನ್ರಿ ಅತ್ತಿ?” ಎಂದು ಕೇಳಿದೆ.

“ಆ ತಾಯಿಗಿ ಗೊತ್ತಿಲ್ಲದ್ದೇನು? ಕೂಡು. ಕೆಂಡದ ಕೆಲಸ ನಾ ಮಾಡ್ತೀನಿ.”

ಕಣ್ಣು ಕಾಣದ ಅವರು ಅರಗು ಇಟ್ಟರು, ಸ್ಪರ್ಶವಿಲ್ಲದ ನಾನು ಕನ್ನಡಿ ಒತ್ತಿದೆ. ಸಾಲು ಸೊಟ್ಟಗಾಯಿತು. ನನ್ನ ಗುಡಿಗಳಲ್ಲಿ ಅಷ್ಟು ಸೊಟ್ಟಗಿರುವುದು ಮತ್ತೊಂದಿಲ್ಲ.

ಬೆರಳು ನೆಟ್ಟಗಾಗುತ್ತ ಬಂದ ಮೇಲೆ, ೧೯೮೩ರಲ್ಲಿ, ಅತ್ತೆ ಆ ಗುಡಿಯನ್ನು ದೇವದುರ್ಗದ ತಮ್ಮ ತವರಿಗೆ ಒಯ್ಯೋಣವೆಂದರು. ಅವರ ಅಣ್ಣನನ್ನು ಇಟ್ಟಿದ್ದ ಹಿತ್ತಲ ಕೋಣೆಗೆ ಸುಣ್ಣ ಬಳಿಸಿ, ಗುಡಿಯನ್ನು ಅಲ್ಲೇ ಕೂರಿಸಿ, ಮನೆಯವರನ್ನೂ ನೆರೆಯವರನ್ನೂ ಕರೆದು, ಅಣ್ಣನಿಗೆ ಏನಾಗಿತ್ತು ಎಂಬುದನ್ನು ಎಲ್ಲರೆದುರು ಮೊದಲ ಸಲ ಹೇಳಿದರು. “ನನ್ನ ಸೊಸಿಗೂ ಅದೇ ಬಂದಿತ್ತು. ಗುಳಿಗಿ ನುಂಗಾಕತ್ತಾಳ. ಗುಡಿ ಮಾಡಿದಾಕಿ ಈಕಿನ” ಎಂದರು.

ಇಬ್ಬರು ಎದ್ದು ಹೋದರು. ಉಳಿದವರು ಕೂತರು. ಮುಖ ಸುಡುವಷ್ಟು ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬಾಗಿಲ ಬಳಿ ಕೂತಿದ್ದ ನೆರೆಮನೆಯ ಹೆಂಗಸೊಬ್ಬಳು ನನ್ನ ಮುಖವನ್ನಲ್ಲ, ಕೈಯನ್ನೇ ನೋಡುತ್ತಿದ್ದಳು. ಅವಳ ಒಂದು ಕೈ ಸೆರಗಿನೊಳಗಿತ್ತು.

ನಾನು ಕಾಣದಂತೆ ಮಾಡು ಎಂದು ಬೇಡಿದೆ. ತಾಯಿ ಕಾಣಿಸಿಕೊಟ್ಟಳು. ಆಕೆ ನನ್ನ ಮಾತಿನಂತೆ ನಡೆದಿದ್ದರೆ ಇಂದು ಈ ಕಾಗದವನ್ನು ಒತ್ತಿ ಹಿಡಿಯಲು ನನಗೆ ಎಡಗೈ ಇರುತ್ತಿರಲಿಲ್ಲ. ಆಕೆಯ ಪಾದಕ್ಕೆ ಶರಣು. ಅಂದು ನಾನು ಕುಪ್ಪಸದ ತೋಳು ಮೇಲೇರಿಸಿಕೊಂಡು ಹೋಗಿ ಆ ಹೆಂಗಸಿನ ಪಕ್ಕದಲ್ಲಿ ಕೂತೆ.