ಬೇಲಿಗೆ ಕಟ್ಟಿದ ಫ್ಲೆಕ್ಸು

ನ್ಯಾಯಾಧೀಶೆ ಪ್ರತಿಮಾ ಅವರಿಗೆ ಆ ಸೋಮವಾರ ಬೆಳಗ್ಗೆಯೇ ಪಿತ್ತ ನೆತ್ತಿಗೇರಿತು. ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರು ಲಾರಿಯಷ್ಟುದ್ದದ ಫ್ಲೆಕ್ಸು, ಅದರ ತುಂಬ ಅವರದೇ ನಗುಮುಖ. ಹೈಕೋರ್ಟ್ ನ್ಯಾಯಮೂರ್ತಿಯಾಗಿ ಆಯ್ಕೆಯಾದ ನಮ್ಮ ಸಮಾಜದ ಹೆಮ್ಮೆಯ ಮಗಳಿಗೆ ಅಭಿನಂದನೆಗಳಂತೆ! ಆಯ್ಕೆ ಎಲ್ಲಿ ಆಗಿತ್ತು? ಬೆಂಗಳೂರಿನಲ್ಲಿ ಹೆಸರು ಇನ್ನೂ ಪರಿಶೀಲನೆಯಲ್ಲಿತ್ತು, ಅಷ್ಟೆ. ಕೆಳಗೆ ಶುಭ ಕೋರುವವರ ಮುಖಗಳು. ಮೊದಲನೆಯವನು ಸಮಾಜದ ಅಧ್ಯಕ್ಷ, ಕೊಬ್ಬರಿ ಮಂಡಿಯ ರಾಜಶೇಖರ್. ಅವನ ಪಕ್ಕದಲ್ಲೇ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಕಣಕಟ್ಟೆಯ ನಟರಾಜ್.

ಈ ನಟರಾಜ್ ಪಕ್ಕದ ತೋಟದ ಬೋರಮ್ಮನ ಗಾಡಿದಾರಿಗೆ ಬೇಲಿ ಹಾಕಿ ಕೂತವನು. ಆ ಮುದುಕಿ ತನ್ನ ತೆಂಗಿನಕಾಯಿಯನ್ನು ತಲೆಯ ಮೇಲೆ ಹೊತ್ತು, ಹಳ್ಳ ಬಳಸಿ ತರುತ್ತಿದ್ದಳು. ಕೆಳಗಿನ ಕೋರ್ಟಿನಲ್ಲಿ ಸೋತು ಪ್ರತಿಮಾ ಅವರ ಮುಂದೆ ಮೇಲ್ಮನವಿ ಹಾಕಿದ್ದಳು. ಅದರ ತೀರ್ಪು ಅವತ್ತೇ. ಬೋರಮ್ಮನ ಪರವಾಗಿ ಬರೆದೂ ಆಗಿತ್ತು, ಓದುವುದಷ್ಟೇ ಬಾಕಿ.

ಹೊಸದುರ್ಗದ ಕಡೆಯ ಪ್ರತಿಮಾ ಕೆಲಸಕ್ಕೆ ಸೇರಿದಂದಿನಿಂದ ಜನರಿಂದ ಒಂದು ಮಾರು ದೂರವೇ ನಿಂತು ಬದುಕಿದವರು. ಮದುವೆ, ಗೃಹಪ್ರವೇಶ, ಮಠದ ಪ್ರಸಾದ, ಯಾವುದಕ್ಕೂ ಹೋದವರಲ್ಲ. ಬಾಗಿಲಲ್ಲಿ ಯಾರೋ ಇಳಿಸಿಹೋದ ಎಳನೀರ ಗೊನೆಯನ್ನು ವಾಪಸ್ ಕಳಿಸಿ, ಜಂಬದವಳು ಎನ್ನಿಸಿಕೊಂಡವರು. ವಕೀಲರ ಮನೆಯ ಸಂಬಂಧವೆಂದು ತಂಗಿಯ ಮಗಳ ನಿಶ್ಚಿತಾರ್ಥಕ್ಕೂ ಹೋಗದಿದ್ದಕ್ಕೆ ತಂಗಿ ಮಾತೇ ಬಿಟ್ಟಿದ್ದಳು. ಅಷ್ಟು ವರ್ಷದ ನೇಮವನ್ನು ಈ ದರಿದ್ರ ಫ್ಲೆಕ್ಸು ಮಣ್ಣುಪಾಲು ಮಾಡಿತ್ತು.

ಕೇಸು ಕೂಗಿದಾಗ ಬೋರಮ್ಮ ಕೈ ಮುಗಿಯಲಿಲ್ಲ.

"ಬಸ್ಸಿಳೀತಿದ್ದಂಗೇ ನೋಡ್ದೆ ಅಮ್ಮಾವ್ರೇ. ನೀವೂ ಅವ್ರ ಕಡೇರೇ. ನಂಗೀ ಕೇಸು ಬ್ಯಾಡ."

ಪ್ರತಿಮಾ ಬರೆದಿಟ್ಟ ತೀರ್ಪನ್ನು ಮಡಿಸಿ ಕೆಳಗಿಟ್ಟರು. ತೀರ್ಪು ನಿನ್ನದೇ ಕಡೆ ಇದೆ ತಾಯಿ ಎನ್ನುವ ಹಾಗಿಲ್ಲ. ಓದಿಬಿಟ್ಟರೆ, ಫ್ಲೆಕ್ಸಿನ ಅಪವಾದಕ್ಕೆ ಹೆದರಿ ಹೀಗೆ ಬರೆದರು ಎಂದು ನಟರಾಜ್ ಮೇಲಿನ ಕೋರ್ಟಿಗೆ ಹೋಗುತ್ತಾನೆ. ಕೊನೆಗೆ, ಕೇಸು ಬಿಡಲು ಒಪ್ಪದೆ, ಬೇರೆ ನ್ಯಾಯಾಧೀಶರು ಕೇಳಲೆಂದು ಹಾಸನಕ್ಕೆ ಕಳಿಸಿದರು. ನಡೆದದ್ದನ್ನೆಲ್ಲ, ಫ್ಲೆಕ್ಸಿನ ಫೋಟೋ ಸಮೇತ, ತಾವೇ ಹೈಕೋರ್ಟಿಗೆ ತಿಳಿಸಿದರು. ಅದರಿಂದ ತಮ್ಮ ಹೆಸರಿಗೆ ಏನಾದೀತು ಎಂದು ತಿಳಿಯದಷ್ಟು ದಡ್ಡರಲ್ಲ ಅವರು.

ಅದೇ ಆಯಿತು. ಆಯ್ಕೆಯಾದವರಲ್ಲಿ ಅವರ ಹೆಸರಿರಲಿಲ್ಲ. ರಾಜಶೇಖರ್ ಚೇಂಬರಿಗೇ ಬಂದು, ಸಮಾಜಕ್ಕೆ ಅನ್ಯಾಯವಾಗಿದೆ, ಧರಣಿ ಕೂರುತ್ತೇವೆ ಎಂದ. ಎಂದೂ ದನಿ ಎತ್ತದ ಹೆಂಗಸು ಮೇಜು ಗುದ್ದಿ ಎದ್ದು ನಿಂತರು.

"ಅನ್ಯಾಯ ಆಗಿರೋದು ಬೋರಮ್ಮನಿಗೆ ಕಣ್ರೀ! ನನ್ನ ಮುಖ ಹಾಕೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ? ನಡೀರಿ ಆಚೆ."

ವರ್ಗವಾಗಿ ಹೊರಟ ದಿನ, ತಮ್ಮ ಊರಿನ ದಾರಿಯಲ್ಲಿ ಕಣಕಟ್ಟೆ ದಾಟುವಾಗ ಪ್ರತಿಮಾ ಕಾರು ನಿಲ್ಲಿಸಿದರು. ಆ ಸೋಮವಾರವೇ ಬಸ್ ಸ್ಟ್ಯಾಂಡಿನಿಂದ ಇಳಿಸಿದ್ದ ಫ್ಲೆಕ್ಸನ್ನು ನಟರಾಜ್ ತಂದು, ಆಡು ನುಗ್ಗದಂತೆ ಬೋರಮ್ಮನ ದಾರಿಯ ಬೇಲಿಗೆ ಬಿಗಿದಿದ್ದ. ಮುದುಕಿ ದಿನಾ ನೋಡಬೇಕಾದ ಜಾಗದಲ್ಲಿ ಪ್ರತಿಮಾ ನಗುತ್ತಿದ್ದರು. ಬೆರಳು ಕುಯ್ದುಕೊಂಡರೂ ಬಿಡದೆ ಅವರು ದಾರ ಕಿತ್ತು, ಅದನ್ನು ನೆಲಕ್ಕೆಳೆದರು. ಹಾಸನದಲ್ಲಿ ಕೇಸು ಇನ್ನೂ ಮುಗಿದಿರಲಿಲ್ಲ; ಹಿಂದೆ ಮುಳ್ಳುತಂತಿ ಹಾಗೇ ಇತ್ತು.

ತಲೆಯ ಮೇಲೆ ಕುಕ್ಕೆ ಹೊತ್ತು ಬಂದ ಬೋರಮ್ಮ ಒಂದು ಗಳಿಗೆ ನಿಂತು ನೋಡಿದಳು.

"ಪಟ ಕಿತ್ರಿ. ದಾರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಳ್ಳದ ಕಡೆ ಇಳಿದುಹೋದಳು.