ಫ್ಲೇವಿ ಬಾಯಿಯ ವಿದೇಶಾಂಗ ನೀತಿ

ನಿನ್ನೆ ಸಂಜೆ ಅಬುಧಾಬಿಯ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಣಮೀನು ಹುರಿದ ವಾಸನೆ ತುಂಬಿಕೊಂಡಿತ್ತು. ನನ್ನದು ಧಾರವಾಡದ ಸಸ್ಯಾಹಾರಿ ಮೂಗು, ಮುಚ್ಚಿಕೊಳ್ಳಬೇಕಿತ್ತು. ಬದಲಿಗೆ ಇನ್ನೊಮ್ಮೆ ಉಸಿರೆಳೆದುಕೊಂಡೆ. ಫ್ಲೇವಿ ಬಾಯಿಯನ್ನು ಕಂಡಿದ್ದರೆ ನೀವೂ ಹಾಗೇ ಮಾಡುತ್ತಿದ್ದಿರಿ.

ಫ್ಲೇವಿ ಬಾಯಿ ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಅದಕ್ಕೂ ಮೊದಲು, ಹರೆಯದಲ್ಲಿ, ಬಾಗ್ದಾದಿನಲ್ಲಿ ನರ್ಸ್. ಕೆಲವು ವರ್ಷಗಳ ಹಿಂದೆ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದರು. ಕೆಳಗಿನ ಮಹಡಿಯಲ್ಲಿ ಬಾಬ್ ಎಂಬ ಅಮೆರಿಕನ್. ವಿಧುರ, ತೈಲ ಕಂಪನಿಗಳಿಗೆ ಸಲಹೆ ಕೊಡುವ ಇಂಜಿನಿಯರ್. ಸಲಹೆ ಅವನಿಗೆ ಕಸುಬಷ್ಟೇ ಅಲ್ಲ, ಚಟ. ರಜೆಯ ದಿನ ಇಬ್ಬರೂ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು. ನನ್ನ ಹೆಂಡತಿಯ ಜೋಳದ ರೊಟ್ಟಿಯೆಂದರೆ ಬಾಬ್‌ಗೆ ಪ್ರಾಣ. ಬಡಿಯುವ ರೀತಿಯನ್ನು ಮಾತ್ರ ಸುಧಾರಿಸಬಹುದೆಂದು ಅವನ ಅಭಿಪ್ರಾಯ.

ಜಗಳ ಹುಟ್ಟಿದ್ದು ಇಂಥದೊಂದು ಊಟದಲ್ಲೇ. ತನ್ನ ದೇಶ ಇರಾಕಿಗೆ ಹೋದದ್ದು ಅಲ್ಲಿನ ಜನರ ಒಳ್ಳೆಯದಕ್ಕೇ ಎಂದು ಬಾಬ್ ಹೇಳಿದ. ಫ್ಲೇವಿ ಬಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ನಿಮ್ಮನ್ನು ಕರೆದವರು ಯಾರು ಎಂದು ಕೇಳಿದರು. ತಾನು ಹೆರಿಗೆ ಮಾಡಿಸಿದ ಮಕ್ಕಳೆಲ್ಲ ಆ ಊರಿನಲ್ಲಿದ್ದರು, ಬಾಂಬು ಬೀಳುವಾಗ ಅವರಿಗೆ ಮೀಸೆ ಚಿಗುರುವ ವಯಸ್ಸು, ಯಾರು ಉಳಿದರೋ ಗೊತ್ತಿಲ್ಲ ಎಂದರು. ಅಲ್ಲಿ ಆಳುತ್ತಿದ್ದವನು ದುಷ್ಟನಲ್ಲವೇ ಎಂದ ಬಾಬ್. ದುಷ್ಟನೇ, ಅವನ ಫೋಟೊ ನಮ್ಮ ವಾರ್ಡಿನಲ್ಲೂ ತೂಗುತ್ತಿತ್ತು. ಹಾಗಂತ ಇಲಿ ಬಂತೆಂದು ಮನೆಗೆ ಬೆಂಕಿಯಿಡುವುದೇ, ಅದೂ ಇನ್ನೊಬ್ಬರ ಮನೆಗೆ, ಎಂದರು ಬಾಯಿ.

ನಾನೇನು ಮಾಡಿದೆ ಅಂತೀರಾ? ನನ್ನದು ಅಲಿಪ್ತ ನೀತಿ. ಎರಡೂ ಪಕ್ಷಕ್ಕೆ ಸಮನಾಗಿ ಶೇಂಗಾ ಚಟ್ನಿ ಬಡಿಸಿದೆ.

ಬಾಬ್‌ನ ಒಬ್ಬನೇ ಮಗ ಸೈನ್ಯದಲ್ಲಿದ್ದ. ಆ ವರ್ಷ ಅವನ ಫೋನ್ ಬರುವುದು ನಿಂತಿತು. ಎಲ್ಲಿದ್ದಾನೆಂದು ಮನೆಯವರಿಗೂ ಹೇಳುವಂತಿಲ್ಲವಂತೆ. ಬಾಬ್ ಸಂಜೆಯಿಡೀ ಟಿವಿಯ ಮುಂದೆ ಕೂರುತ್ತಿದ್ದ. ಮರುಭೂಮಿಯ ದೇಶವೊಂದರ ಹೆಸರು ಹೇಳಿ, ಅಲ್ಲಿ ನಮ್ಮ ಸೈನಿಕರೇ ಇಲ್ಲ ಎಂದು ಕೋಟು ತೊಟ್ಟ ಅಮೆರಿಕ ಸರ್ಕಾರದ ವಕ್ತಾರನೊಬ್ಬ ಹಲ್ಲು ತೋರಿಸಿ ಹೇಳುತ್ತಿದ್ದ. ಕೆಲವೇ ದಿನಗಳಲ್ಲಿ ಸುದ್ದಿ ಬಂತು: ಮಗನ ಕಾಲಿಗೆ ಗುಂಡು ತಾಗಿದೆ, ಜರ್ಮನಿಯ ಆಸ್ಪತ್ರೆಯಲ್ಲಿದ್ದಾನೆ. ಎಲ್ಲಿ ತಾಗಿತೆಂಬುದನ್ನು ನೋವಿನ ಮದ್ದಿನ ಮಂಪರಿನಲ್ಲಿ ಮಗನೇ ಬಾಯಿಬಿಟ್ಟ. ವಕ್ತಾರನ ಪ್ರಕಾರ ಅವರ ಸೈನಿಕರು ಯಾರೂ ಇಲ್ಲದ ಆ ದೇಶದಲ್ಲೇ.

ಫ್ಲೇವಿ ಬಾಯಿ ಕುಚ್ಚಲಕ್ಕಿ ಗಂಜಿ, ಹುರಿದ ಒಣಮೀನು ಹಿಡಿದು ಕೆಳಗಿಳಿದರು, ಹಿಂದೆ ನಾನು. ಬಾಬ್ ಗಂಜಿಯ ಬಗ್ಗೆ ಒಂದೂ ಸಲಹೆ ಕೊಡದೆ ಉಂಡ. ನನಗೆ ನಿಜವಾಗಿ ಗಾಬರಿಯಾದದ್ದು ಆಗಲೇ. ಆಮೇಲೆ ಮೆಲ್ಲಗೆ ಅಂದ: “ಜೀವಮಾನವಿಡೀ ತೆರಿಗೆ ಕಟ್ಟಿದೆ, ಮಗನನ್ನೂ ಕೊಟ್ಟೆ. ಎಲ್ಲಿಗೆ, ಯಾಕೆ ಅಂತ ನನಗೊಂದು ಮಾತು ಹೇಳಲಿಲ್ಲ.”

ಮೆಟ್ಟಿಲು ಹತ್ತುವಾಗ ನಾನು ಬಾಯಿಯನ್ನು ಕೆಣಕಿದೆ. ಕರೆಯದೆ ಹೋಗಬಾರದು ಎನ್ನುತ್ತಿದ್ದವರು ನೀವೇ ಹೋದಿರಲ್ಲ?

“ನಾನು ಬಾಗಿಲು ತಟ್ಟಿ, ಅವರು ತೆಗೆದ ಮೇಲೆ ಒಳಗೆ ಹೋದದ್ದು ಮಾರಾಯ್ರೆ,” ಎಂದರು. “ತಕೊಂಡು ಹೋದದ್ದು ಗಂಜಿ. ಅದನ್ನೂ ಮುಚ್ಚಳ ತೆಗೆದು ತೋರಿಸಿಯೇ ಕೊಟ್ಟದ್ದು.”

ಅಮೆರಿಕದ ವಿದೇಶಾಂಗ ನೀತಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇನ್ನೂ ಕೇಳಿಲ್ಲ.

ಸ್ವಲ್ಪ ದಿನದಲ್ಲೇ ಅಮೆರಿಕದ ಜನಪ್ರತಿನಿಧಿಯೊಬ್ಬ ಇಲ್ಲಿಗೆ ಬಂದು, ಹೋಟೆಲೊಂದರಲ್ಲಿ ತನ್ನ ದೇಶದವರ ಸಭೆ ಕರೆದ. ಬಾಬ್ ಎದ್ದು ನಿಂತು, ಯುದ್ಧಕ್ಕೆ ಮೊದಲು ನಮ್ಮನ್ನು ಕೇಳಿ, ಕಳಿಸಿದ ಮೇಲೆ ನಿಜ ಹೇಳಿ, ಪರರ ಮನೆಗೆ ನುಗ್ಗುವುದನ್ನು ಬಿಡಿ ಎಂದನಂತೆ. ಒಳ್ಳೆಯ ಪ್ರಶ್ನೆ ಎಂಬ ಉತ್ತರ ಬಂತಂತೆ. ಆಮೇಲೆ ಜ್ಯೂಸ್ ಕೊಟ್ಟರಂತೆ. ಇದನ್ನು ಕೇಳಿದ ಫ್ಲೇವಿ ಬಾಯಿ, ನಾನು ಅಂದೇ ಹೇಳಿರಲಿಲ್ಲವೇ ಎನ್ನಲಿಲ್ಲ. ಒಂದು ವಾರ ತಡೆದುಕೊಂಡು, ಆಮೇಲೆ ಹೇಳಿದರು.

ಮಗ ಕುಂಟುತ್ತ ಅಮೆರಿಕದ ಮನೆಗೆ ಮರಳಿದ. ಬಾಬ್ ಅವನ ಹತ್ತಿರ ಹೊರಟುಹೋದ. ಬಾಯಿ ನಿವೃತ್ತರಾಗಿ ಊರು ಸೇರಿದರು.

ನಿನ್ನೆ ಮನೆಯೊಳಗೆ ಬಂದರೆ, ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಟಿವಿಯ ಮುಂದಿದ್ದ. ಪರದೆಯ ಮೇಲೆ ಯುದ್ಧದ ಹಡಗುಗಳು.

“ಎರಡು ಬಾಂಬ್ ಒಗದ್ರ ಎಲ್ಲಾ ಖಲಾಸ್ ನೋಡ್ರಿ ಕಾಕಾ,” ಎಂದ.

ಹಿಂದೆಲ್ಲ ಇಂಥ ಹೊತ್ತಿಗೆ ಚಹಾ ಬೇಕೇನೋ ಎಂದು ಕೇಳಿ ಒಳಗೆ ಜಾರಿಕೊಳ್ಳುತ್ತಿದ್ದೆ. ನಿನ್ನೆ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.

“ಬಾಂಬ್ ಬೀಳೋ ಊರಾಗ ಅಪ್ಪ-ಅವ್ವ ಇರ್ತಾರ. ಒಗಿಯೋ ಹುಡುಗರಿಗೂ ಇರ್ತಾರ,” ಎಂದೆ. “ಅವರನ್ನ ಯಾರರ ಕೇಳ್ಯಾರೇನು?”

ಅವನು ನನ್ನ ಮುಖ ನೋಡಿ, ಟಿವಿಯ ದನಿ ತಗ್ಗಿಸಿದ.