ಕಿವಿ ಮುಚ್ಚುವ ಟೊಪಗಿ

ನಮ್ಮ ಮನೆಯಲ್ಲಿ ಹೇಳುವ ಕಥೆ ಇಷ್ಟು: ಪೇಟೆಯ ದರ್ಜಿ ಹುಸೇನ್ ಕಾಕಾ ಯಾವ್ಯಾವುದೋ ದೇಶದ ಟೊಪಗಿ ನೋಡಿ ಏನೇನೋ ಕೂಡಿಸಿ ಹೊಲಿದ, ಅದರಿಂದ ನಮ್ಮ ಕೂಸು ಸಾಯುವುದರಲ್ಲಿತ್ತು. ಕಾಕಾ ಹೊಲಿದದ್ದು ನಿಜ. ಕೂಸು ಸಾಯುವುದರಲ್ಲಿದ್ದದ್ದೂ ನಿಜ. ಎರಡಕ್ಕೂ ಗಂಟು ಹಾಕಿದ್ದು ಮಾತ್ರ ಸುಳ್ಳು. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿ ಇಂಥ ಗಂಟು ಹಾಕಿದರೆ ನಾನು ಬಿಚ್ಚದೆ ಬಿಟ್ಟವಳಲ್ಲ. ಇದೊಂದನ್ನು ಒಂಬತ್ತು ವರ್ಷ ಮುಟ್ಟಿಲ್ಲ.

ಈಗ ಯಾಕೆ ಮುಟ್ಟುತ್ತಿದ್ದೀ ಎಂದು ನೀವು ಕೇಳಬಹುದು. ಆ ಕೂಸೇ ಕಾರಣ. ಅಣ್ಣನ ಮಗಳು ಪಲ್ಲವಿ ಮೊನ್ನೆ ಸಾಲಿಯಿಂದ ಒಂದು ಹಾಳೆ ತಂದಳು. ಬೇರೆ ಬೇರೆ ನಾಡಿನ ಟೊಪ್ಪಿಗೆ ನೋಡಿ ನಿಮ್ಮದೊಂದು ಹೊಸ ಟೊಪ್ಪಿಗೆ ರಚಿಸಿರಿ ಎಂದಿತ್ತು ಅದರಲ್ಲಿ. ಅವಳು ಬಣ್ಣದ ಪೆನ್ಸಿಲು ಹಿಡಿದು ಕುಳಿತಿದ್ದಳು. ಅಡುಗೆಮನೆಯಿಂದ ಅವ್ವನ ದನಿ ಬಂತು: “ಬ್ಯಾರೇದವರ ಟೊಪಗಿ ಸುದ್ದಿ ಈ ಮನ್ಯಾಗ ಬ್ಯಾಡ. ಒಮ್ಮೆ ಆದದ್ದು ಸಾಕಾಗೇತಿ.” ಹುಡುಗಿ ಪೆನ್ಸಿಲು ಕೆಳಗಿಟ್ಟಳು.

ಬೈಲಹೊಂಗಲದ ಪೇಟೆಯಲ್ಲಿ ಅಡ್ಡಾಡಿದವರಾದರೆ ಕಾಕಾನ ಅಂಗಡಿಯನ್ನು ನೀವು ನೋಡಿರಲೇಬೇಕು. ಮಾರ್ಕೆಟ್ಟಿಗೆ ಬರುವ ರೈತರ ಬಿಳಿ ಟೊಪಗಿ, ನಮಾಜಿನ ಟೊಪಗಿ, ಕೂಸಿನ ಕುಲಾವಿ, ಮೂರೂ ಒಂದೇ ಮಷೀನಿನ ಕೆಳಗಿಂದ ಹೊರಬರುತ್ತಿದ್ದವು. ಹಿಂದೆ ಒಂದು ಟ್ರಂಕಿತ್ತು. ಹತ್ತಿ ಲಾರಿಯ ಡ್ರೈವರುಗಳು ದೂರದೂರದಿಂದ ತಂದುಕೊಟ್ಟ ಟೊಪಗಿಗಳು ಅದರಲ್ಲಿ. ಹಿಮಾಚಲದ ಕಡೆಯ, ಹಣೆಯ ಮೇಲೆ ಬಣ್ಣದ ಪಟ್ಟಿ ಇದ್ದದ್ದು. ಬೆಳಗಾವಿಯಲ್ಲಿ ಸ್ವೆಟರ್ ಮಾರುವ ಟಿಬೆಟ್ಟಿನ ಹೆಂಗಸೊಬ್ಬಳಿಂದ ಕಾಕಾ ತಾನೇ ಕೇಳಿ ತಂದ, ಕಿವಿಯ ಮೇಲೆ ಇಳಿಯುವ ಉಣ್ಣೆಯದು. ಒಂದೊಂದನ್ನೂ ಹೊಲಿಗೆ ಬಿಚ್ಚಿ, ಪೇಪರಿನ ಮೇಲೆ ಹರವಿ ಗೆರೆ ಎಳೆದು, ಮತ್ತೆ ಹೊಲಿದಿಡುತ್ತಿದ್ದ.

“ಮಂದಿ ಟೊಪಗಿ ಕದೀತೀರೇನ್ರಿ ಕಾಕಾ?” ಎಂದು ನಾನೊಮ್ಮೆ ಕೆಣಕಿದ್ದೆ.

“ತಲಿ ಎಲ್ಲಾರ್ದೂ ದುಂಡಗ ಇರತೈತಿ ತಂಗಿ. ಗಾಳಿ ಬರೂ ದಿಕ್ಕು ಬ್ಯಾರೆ. ಯಾವ ಗಾಳಿಗೆ ಯಾರು ಏನ್ ಹೊಲಕೊಂಡಾರಂತ ನೋಡತೇನಿ, ಅಷ್ಟ.”

ಇಷ್ಟು ಚಂದದ ವಾದವನ್ನು ನಮ್ಮ ಚರ್ಚಾಕೂಟಗಳಲ್ಲಿ ನಾನು ಕೇಳಿರಲಿಲ್ಲ.

ಅಣ್ಣನ ಹೆಂಡತಿ, ನನ್ನ ವೈನಿಯ ಮೊದಲ ಎರಡು ಕೂಸುಗಳು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಪಲ್ಲವಿ ಏಳು ತಿಂಗಳಿಗೇ ಹುಟ್ಟಿದಳು, ಅದೂ ಚಳಿಗಾಲದಲ್ಲಿ. ದವಾಖಾನೆಯಿಂದ ಮನೆಗೆ ಕಳಿಸುವಾಗ ತಲೆ ಬೆಚ್ಚಗಿರಲಿ, ಕಿವಿಗೆ ಗಾಳಿ ಸೋಕದಿರಲಿ ಎಂದರು ಡಾಕ್ಟರು. ಯಾವ ಕುಲಾವಿಯೂ ಆ ತಲೆಗೆ ನಿಲ್ಲಲಿಲ್ಲ. ಕಾಕಾ ಟ್ರಂಕಿನಿಂದ ಟಿಬೆಟ್ಟಿನ ಟೊಪಗಿ ತೆಗೆದ. “ಕಿವಿ ಇದರದು, ನೆತ್ತಿ ನಮ್ಮ ನಮಾಜಿನ ಟೊಪಗೀದು. ಗದ್ದದ ಕೆಳಗ ಲಾಡಿ. ದಾರ ಹಿಡದು ತಲಿ ಅಳತಿ ತಗೊಂಡ್ ಬಾ. ಕಣ್ಣಳತಿ ಬ್ಯಾಡ, ಭಾಳ ಸಣ್ಣ ಕೂಸು.”

ದಾರ ಹಿಡಿದು ಬಾಣಂತಿ ಕೋಣೆಯ ಬಾಗಿಲಿಗೆ ಬಂದೆ. ಅವ್ವ ಅಡ್ಡ ಬರಲಿಲ್ಲ. ಬಂದಿದ್ದರೆ ಜಗಳಾಡಿ ಗೆಲ್ಲುತ್ತಿದ್ದೆ. ಮೆಲ್ಲಗೆ ಇಷ್ಟೇ ಅಂದಳು: “ಅಳಿಯೂದಿದ್ರ ಅಳಿ. ಹಿಂದಿನ ಎರಡಕ್ಕೂ ದಾರ ಹಿಡದಿದ್ವಿ.”

ಅದೇ ತಿಂಗಳು ಮೂಢನಂಬಿಕೆಯ ವಿರುದ್ಧ ಮಾತಾಡಿ ಕಪ್ ಗೆದ್ದವಳು ನಾನು. ಎರಡು ಸಾವುಗಳಿಂದ ದಾರದ ಮೇಲೆ ಆರೋಪ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಳಗೆ ಹೋದೆ. ವೈನಿ ಮಲಗಿದ್ದಳು. ತೊಟ್ಟಿಲಲ್ಲಿ ಆ ತಲೆ, ನೆತ್ತಿಯ ತೆಳು ಚರ್ಮ ಉಸಿರಾಡಿದಂತೆ ಮೇಲೆ ಕೆಳಗೆ ಆಗುತ್ತಿತ್ತು. ದಾರ ಹಿಡಿದ ನನ್ನ ಕೈ ಮುಂದೆ ಹೋಗಲಿಲ್ಲ. ಒಂದು ವೇಳೆ? ಹೊರಬಂದು ದೇವರ ಜಗಲಿಯ ಮೇಲಿದ್ದ ತೆಂಗಿನಕಾಯಿಗೆ ದಾರ ಸುತ್ತಿ, ಅಷ್ಟೇ ಇರಬಹುದೆಂದುಕೊಂಡು ಕಾಕಾಗೆ ಒಯ್ದು ಕೊಟ್ಟೆ.

ಟೊಪಗಿ ಬಂತು. ತುಸು ಸಡಿಲೆಂದು ಲಾಡಿ ಬಿಗಿದು ಕಟ್ಟಿದೆವು. ಮೂರನೆಯ ದಿನ ಮಧ್ಯಾಹ್ನ ನಾನು ತೊಟ್ಟಿಲ ಪಕ್ಕದಲ್ಲಿ ಭಾಷಣ ಬರೆಯುತ್ತ ಕುಳಿತಿದ್ದೆ. ಎಷ್ಟು ಹೊತ್ತಾಗಿತ್ತೋ, ತೊಟ್ಟಿಲಿನಿಂದ ಸದ್ದೇ ಇಲ್ಲವೆಂಬುದು ಹೊಳೆಯಿತು. ಬಗ್ಗಿ ನೋಡಿದರೆ ಟೊಪಗಿ ಜಾರಿ ಮೂಗಿನ ಮೇಲೆ ಕೂತಿತ್ತು. ಬೆರಳಿಗೆ ಲಾಡಿಯ ಗಂಟು ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ತುಟಿ ನೀಲಿಯಾಗಿತ್ತು. ಬೆನ್ನು ತಿಕ್ಕಿದೆ, ಹೆಸರಿಲ್ಲದ ಆ ಕೂಸನ್ನು ಏನೇನೋ ಅಂದು ಕರೆದೆ. ಅದು ಅಳುವವರೆಗಿನ ಆ ಹೊತ್ತು ನನ್ನಲ್ಲಿ ಇನ್ನೂ ಮುಗಿದಿಲ್ಲ. ಇಂದಿಗೂ ಪಲ್ಲವಿ ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ.

ಅಣ್ಣ ಟೊಪಗಿ ಹಿಡಿದು ಅಂಗಡಿಗೆ ನುಗ್ಗಿದ. ನಾನು ಹಿಂದೆಯೇ ಓಡಿದೆ. “ಕೂಸಿನ ಜೀವಾ ತಗೀತಿದ್ರಲ್ರೀ! ಇಲ್ಲದ ನಮೂನಿ ಹೊಲ್ಯಾಕ ಯಾರ್ ಹೇಳಿದ್ರು ನಿಮಗ?” ಜನ ಕೂಡಿದರು. ಹಿಂದಿನಿಂದ ಯಾರೋ, “ಕೂಸಿನ ಬಟ್ಟಿ ಇವರ ಕೈಯಾಗ ಯಾಕ ಕೊಡಬೇಕಿತ್ತು?” ಎಂದ. ‘ಇವರ’ ಅಂದರೆ ಯಾರೆಂದು ಅಲ್ಲಿ ಎಲ್ಲರಿಗೂ ತಿಳಿಯಿತು, ಕಾಕಾಗೂ. ಒಬ್ಬನ ಕಾಲು ಮಷೀನಿಗೆ ತಾಗಿತು, ಬೇಕಂತಲೇ.

ಕಾಕಾ ನನ್ನ ಕಡೆ ನೋಡಿದ. “ಅಳತಿ ತಲೀದ ತಗೊಂಡಿದ್ದಿ, ಹೌದಿಲ್ಲೋ ತಂಗಿ?”

“ಹೂಂ ರಿ ಕಾಕಾ.”

ಅವನು ಟೊಪಗಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. “ಹಂಗಾದ್ರ ತಪ್ಪು ನಂದ.”

ಅಂದಿನಿಂದ ಅವನಿಗೆ ಕುಲಾವಿ ಹೊಲಿಯಲು ಯಾರೂ ಕೊಡಲಿಲ್ಲ. ಟ್ರಂಕನ್ನೂ ಆಮೇಲೆ ನಾನು ಕಾಣಲಿಲ್ಲ.

ನಿನ್ನೆ ಪಲ್ಲವಿಯ ಕೈ ಹಿಡಿದು ಅಂಗಡಿಗೆ ಹೋದೆ. ಕಾಕಾ ಕನ್ನಡಕ ಏರಿಸಿ ಅವಳ ಹಾಳೆ ನೋಡಿದ. ಯಾರ ಮಗಳೆಂದು ಕೇಳಲಿಲ್ಲ. “ನಿಂದರು ಯವ್ವಾ,” ಎಂದು ಟೇಪನ್ನು ಅವಳ ತಲೆಗೆ ಸುತ್ತಿದ. ನಾನು ಹೇಳಿಬಿಟ್ಟೆ.

“ಕಾಕಾ, ಅವತ್ತ ನಾ ಕೂಸಿನ ತಲಿ ಅಳದಿರಲಿಲ್ಲ. ತೆಂಗಿನಕಾಯಿ ಅಳದಿದ್ದೆ.”

ಪಲ್ಲವಿ ನನ್ನತ್ತ ತಿರುಗಿದಳು. ಕಾಕಾನ ಕೈ ಟೇಪಿನ ಮೇಲೆ ನಿಂತಿತು.

“ನಲವತ್ತು ವರ್ಷ ಟೊಪಗಿ ಹೊಲದವರು ನೀವು. ಅದು ಕೂಸಿನ ತಲಿ ಅಳತಿ ಅಲ್ಲಂತ ನಿಮಗ ಅವತ್ತ ಗೊತ್ತಾಗಿತ್ತೇನ್ರಿ? ಗೊತ್ತಿದ್ರ, ಅಷ್ಟ ಮಂದಿ ಮುಂದ ತಪ್ಪು ನಂದ ಅಂತ ಯಾಕ ಅಂದ್ರಿ ಕಾಕಾ?”